ನಾಲ್ಕು ಗ್ಲಾಸು ಗೇರುಹಣ್ಣಿನ ಬಿಯರು

ಸಬ್ ಇನ್ಸ್‌ಪೆಕ್ಟರ್ ಸುಧಾಕರ ಹೆಗ್ಡೆಯವರು ಬೆಳಿಗ್ಗೆ ಏಳುವಾಗ ಅವರ ಬಾಯಿ ಅವರದ್ದಾಗಿರಲಿಲ್ಲ.

ಮೇಲಿನ ತುಟಿ ಊದಿ ಮೀಸೆಯನ್ನು ಮೂಗಿನವರೆಗೆ ತಳ್ಳಿತ್ತು. ಕೆಳಗಿನ ತುಟಿಯ ಮೇಲೆ ನೀರು ತುಂಬಿದ ಬೊಕ್ಕೆಗಳು. ಮಾತಾಡಲು ಹೋದರೆ ಕಣ್ಣಲ್ಲಿ ನೀರು. ವಾಮದಪದವು ಶಾಲೆಯ ಬದಿಕೋಣೆಯಲ್ಲಿ ಬಿಡಾರ ಮಾಡಿದ್ದ ಅವರು, ವರದಿ ಬರೆಯುವ ಕಾಗದವನ್ನು ಎಳೆದುಕೊಂಡು ಗೀಚಿದರು — ‘ವಿಷ ಹಾಕಿದ್ದಾರೆ.’

ಹೆಡ್ ಕಾನ್‌ಸ್ಟೇಬಲ್ ಚಿನ್ನಯ್ಯ ಬಗ್ಗಿ ನೋಡಿದ.

“ವಿಷ ಅಲ್ಲ ಸಾರ್. ಇದು ಗೇರೆಣ್ಣೆ. ಹಸಿ ಗೇರುಬೀಜದ ಸಿಪ್ಪೆಯಲ್ಲಿ ಇರ್ತದಲ್ಲ, ಅದು. ಸಣ್ಣದಿರುವಾಗ ಹಸಿ ಬೀಜ ಕಚ್ಚಿ ನನ್ನ ಬಾಯಿಯೂ ಹೀಗೇ ಬೆಂದಿತ್ತು. ವಾರದಲ್ಲಿ ಗುಣ ಆಗ್ತದೆ.”

ತನ್ನ ಜಾಣತನಕ್ಕೆ ಚಿನ್ನಯ್ಯ ಒಳಗೊಳಗೇ ಹಿಗ್ಗಿದ. ಆ ಹಿಗ್ಗು ಒಂದು ನಿಮಿಷವೂ ಬಾಳಲಿಲ್ಲ.

ಎರಡನೆಯ ಚೀಟಿ ಬಂತು. ‘ನಿನ್ನೆ ಗ್ಲಾಸು ತೊಳೆದವಳು ಯಾರು?’

“ಖತೀಜಮ್ಮ ಸಾರ್.”

‘ಅವಳ ಕಸುಬು?’

“ಗೇರುಬೀಜ ಹುರಿದು ಸುಲಿಯುವುದು.”

ಮೂರನೆಯ ಚೀಟಿಯಲ್ಲಿ ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿತ್ತು. ‘ಮೂರೂವರೆಯ ಬಸ್ಸಿನಲ್ಲಿ ಅವಳನ್ನು ಬಂಟ್ವಾಳ ಠಾಣೆಗೆ ಹಾಕು. ಕಳೆದ ವರ್ಷದ ಸೇಡು!’

ಕಳೆದ ವರ್ಷದ ಕಥೆ ಊರಿಗೆಲ್ಲ ಗೊತ್ತಿತ್ತು. ಖತೀಜಮ್ಮ ಬೀಜ ಹುರಿಯುವ ಹೊಸ ಮಡಕೆಯನ್ನು ಕಳ್ಳಭಟ್ಟಿಯ ಮಡಕೆಯೆಂದು ತಿಳಿದು ಹೆಗ್ಡೆಯವರು ಲಾಠಿಯಿಂದ ಒಡೆದು ಹಾಕಿದ್ದರು. ಆ ಹೆಂಗಸು ಬೀದಿಯಲ್ಲಿ ನಿಂತು ಬೈದದ್ದನ್ನು ಕೇಳಿ ಊರು ಎರಡು ದಿನ ನಕ್ಕಿತ್ತು. ನಕ್ಕವರಲ್ಲಿ ಚಿನ್ನಯ್ಯನೂ ಒಬ್ಬ. ಈಗ ಅವನಿಗೆ ನಗು ಬರಲಿಲ್ಲ. ಗೇರೆಣ್ಣೆಯ ಹೆಸರು ಹೇಳಿ ಆ ಹೆಂಗಸನ್ನು ತಾನೇ ಹಿಡಿದುಕೊಟ್ಟ ಹಾಗಾಯಿತಲ್ಲ!

ಸಾವಿರದ ಒಂಬೈನೂರ ಅರವತ್ತೊಂದರ ಏಪ್ರಿಲ್. ಜಿಲ್ಲೆಯಲ್ಲಿ ಪಾನನಿರೋಧ. ಕಳ್ಳು ಇಳಿಸಿದವನೂ ಜೈಲಿಗೆ, ಕುಡಿದವನೂ ಜೈಲಿಗೆ. ಇಂಥ ಕಾಲದಲ್ಲಿ ವಾಮದಪದವಿನ ಸೋಡಾ ಫ್ಯಾಕ್ಟರಿಯ ಪ್ರೇಮಾವತಿ ಗೇರುಹಣ್ಣಿನಿಂದ ‘ಬಿಯರು’ ಮಾಡಿ ಮಾರಲು ಅನುಮತಿ ಕೇಳಿ ಅರ್ಜಿ ಹಾಕಿದ್ದಳು. ಶುಂಠಿ ಬಿಯರ್ ಎಲ್ಲ ಸೋಡಾ ಅಂಗಡಿಗಳಲ್ಲೂ ಇತ್ತು, ಮಕ್ಕಳೂ ಕುಡಿಯುತ್ತಿದ್ದರು. ಇದೂ ಅದೇ ಜಾತಿಯದು, ಅಮಲಿಲ್ಲ ಎಂಬುದು ಅವಳ ವಾದ. ಆದರೆ ಗೇರುಹಣ್ಣು ಎಂದರೆ ಸಾಕು, ಪಾನನಿರೋಧ ದಳದವರ ಮೂಗು ಅರಳುತ್ತದೆ. ರುಚಿ ನೋಡಿ ವರದಿ ಬರೆಯಲು ಹೆಗ್ಡೆಯವರೇ ಬಂದಿದ್ದರು.

ನಿನ್ನೆ ಸಂಜೆ ನಾಲ್ಕಕ್ಕೆ ನಾಲ್ಕು ಗ್ಲಾಸು ತುಂಬಿದ್ದವು. ಕುಡಿದವರು ಹೆಗ್ಡೆಯವರು, ಶಾಲೆಯ ಹೆಡ್ಮಾಸ್ಟರ್ ಕೇಶವಪ್ರಸಾದ ಭಟ್ಟರು, ಕಲ್ಲಡ್ಕದಲ್ಲಿ ಹೋಟೆಲು ನಡೆಸುವ ಭೋಜ ಶೆಟ್ಟಿ — ಪ್ರೇಮಾವತಿಯ ತೀರಿಹೋದ ಗಂಡನ ಅಕ್ಕನ ಮಗ — ಮತ್ತು ಕೊನೆಗೆ ಪ್ರೇಮಾವತಿ. ಇಡೀ ತಾಲೂಕಿನಲ್ಲಿ ಕುಡಿಯುವ ಪದಾರ್ಥದ ರುಚಿ ಬಲ್ಲ ಒಬ್ಬನೇ ಒಬ್ಬ ಚಿನ್ನಯ್ಯ. ಅವನನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸಿದ್ದರು.

ಬಿರಡೆ ಹಾರಿ ಮಾಡಿನ ಹಂಚಿಗೆ ಬಡಿದಿತ್ತು. ಎಲ್ಲರ ಕಣ್ಣು ಹೆಗ್ಡೆಯವರ ಮುಖದ ಮೇಲೆ. ಅವರು ಒಂದು ಗ್ಲಾಸು ಮುಗಿಸಿ, ಒಂದರಲ್ಲಿ ತೀರ್ಮಾನಕ್ಕೆ ಬರಲಾಗದು ಎಂದು ಅದನ್ನೇ ಮತ್ತೆ ತುಂಬಿಸಿಕೊಂಡು, “ಅಡ್ಡಿಯಿಲ್ಲ” ಎಂದಾಗ ಪ್ರೇಮಾವತಿ ಕಣ್ಣೊರೆಸಿಕೊಂಡಿದ್ದಳು. ಆಗಲೇ ಭೋಜನ ಬಿಳಿ ಅಂಗಿಯ ಎದೆಯ ಮೇಲೆ ಬಿಯರು ಚೆಲ್ಲಿದ್ದು ಕಂಡು ಎಲ್ಲರೂ ನಕ್ಕರು. “ಗೇರುಹಣ್ಣಿನ ಕಲೆ ಭೋಜ, ಅಂಗಿ ಹರಿದರೂ ಅದು ಹೋಗುವುದಿಲ್ಲ” ಎಂದು ಪ್ರೇಮಾವತಿ ತಮಾಷೆ ಮಾಡಿದ್ದಳು.

ಇಂದು ಬೆಳಿಗ್ಗೆ ಚಿನ್ನಯ್ಯ ಸೋಡಾ ಫ್ಯಾಕ್ಟರಿಗೆ ಹೋದಾಗ ಅವಳ ಬಾಯಿಯೂ ಊದಿತ್ತು. ತುಟಿಗೆ ತೆಂಗಿನೆಣ್ಣೆ ಸವರಿ, ಸೋಡಾ ಯಂತ್ರದ ಬದಿಯಲ್ಲಿ ಕುಳಿತಿದ್ದಳು. ಅವಳ ಕಾಲಬುಡದಲ್ಲಿ ಖತೀಜಮ್ಮ. ಸುದ್ದಿ ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು.

“ಚಿನ್ನಯ್ಯಣ್ಣ, ನನ್ನನ್ನು ಕೊಂಡು ಹೋಗ್ಲಿಕ್ಕೆ ಬಂದದ್ದಾ?” ಖತೀಜಮ್ಮ ಎದ್ದು ನಿಂತಳು. “ಇವತ್ತು ಬೇಡ. ನಿಮ್ಮ ಕಾಲಿಗೆ ಬೀಳ್ತೇನೆ. ನಾಳೆ ನಾನೇ ನಡೆದು ಬರ್ತೇನೆ.”

“ಇವತ್ತು ಎಂತ ಉಂಟು?”

“ಮಗಳು ಸೈನಬಳನ್ನು ನಾರಾವಿಗೆ ಕೊಡುವುದೆಂದು ಮಾತಾಗಿದೆಯಲ್ಲ? ಹುಡುಗನ ಮಾಮ ಇವತ್ತು ದಿನ ಗೊತ್ತು ಮಾಡ್ಲಿಕ್ಕೆ ಬರ್ತಾರೆ. ಮೂರೂವರೆ ಬಸ್ಸಿಗೆ.”

ನಾರಾವಿಯಿಂದ ಬಂದು ಬಂಟ್ವಾಳಕ್ಕೆ ಹೋಗುವುದು ಅದೇ ಬಸ್ಸು. ಹುಡುಗನ ಮಾಮ ಇಳಿಯುವ ಮೆಟ್ಟಿಲಲ್ಲೇ ಹುಡುಗಿಯ ತಾಯಿಯನ್ನು ಪೊಲೀಸರು ಹತ್ತಿಸಬೇಕು! ಆ ಮೇಲೆ ಸೈನಬಳನ್ನು ಕೇಳಿಕೊಂಡು ಯಾವ ಮನೆಯವರು ಬಂದಾರು?

“ನಿಮ್ಮ ಕೈ ತೋರಿಸಿ ಖತೀಜಮ್ಮ.”

ಬೆರಳ ತುದಿಗಳು ಕಪ್ಪಗೆ ಬಿರಿದಿದ್ದವು. ಇಪ್ಪತ್ತು ವರ್ಷ ಬೀಜ ಸುಲಿದ ಕೈ.

“ಗ್ಲಾಸು ಹೇಗೆ ತೊಳೆದಿರಿ?”

“ಬೂದಿ ಹಾಕಿ ತಿಕ್ಕಿ, ಬಾವಿಕಟ್ಟೆಯಲ್ಲಿ ಮೂರು ನೀರಿನಲ್ಲಿ ತೊಳೆದೆ. ತಂದು ಹರಿವಾಣದಲ್ಲಿ ಕವುಚಿ ಹಾಕಿದೆ. ಅಷ್ಟೇ. ಹುಟ್ಟಿಸಿದ ದೇವರಾಣೆ.”

“ಯಾವ ಹರಿವಾಣ?”

“ಭೋಜಣ್ಣ ತಂದದ್ದು. ಹೂವಿನ ಚಿತ್ರ ಉಂಟಲ್ಲ, ಕಪ್ಪು ತಗಡಿನದ್ದು.”

ಪ್ರೇಮಾವತಿ ಕಷ್ಟದಿಂದ ಬಾಯಿ ಬಿಟ್ಟಳು. “ನಮ್ಮಲ್ಲಿ ಒಳ್ಳೆ ಗ್ಲಾಸು ಇರಲಿಲ್ಲ. ಇನ್ಸ್‌ಪೆಕ್ಟರ್ ಬರುವಾಗ ಮರ್ಯಾದೆ ಹೋಗ್ತದೆ ಅಂತ ಭೋಜನೇ ಹೋಟೆಲಿನಿಂದ ತಂದ. ಹೋಗುವಾಗ ಹರಿವಾಣ ಮಾತ್ರ ಕೊಂಡು ಹೋದ. ‘ಗ್ಲಾಸು ನಿಮಗೇ ಇರ್ಲಿ ಅತ್ತೆ’ ಅಂದ.”

“ಗ್ಲಾಸು ಎಲ್ಲುಂಟು?”

“ದೀಪ ಹಚ್ಚುವ ಹೊತ್ತಿಗೇ ಬಾಯಿ ಉರಿಯಲು ಸುರು ಆಯ್ತು. ತೊಳೆಯಲಿಕ್ಕೆ ಆಗಲಿಲ್ಲ. ಹಲಗೆಯ ಮೇಲೆ ಹಾಗೇ ಉಂಟು.”

ಚಿನ್ನಯ್ಯ ಮೊದಲು ಬಾಟಲಿಯ ಕಡೆಗೆ ಹೋದ. ನಿನ್ನೆ ತೆರೆದ ಬಾಟಲಿಯಲ್ಲಿ ಕಾಲುಭಾಗ ಉಳಿದಿತ್ತು. ಹೆಗ್ಡೆಯವರು ಅದರಲ್ಲಿ ವಿಷವಿದೆ ಎನ್ನುತ್ತಾರೆ. ಇದ್ದರೆ ಗೊತ್ತಾಗಲಿ ಎಂದುಕೊಂಡು ಅಂಗೈಗೆ ಸುರಿದು ಹೀರಿದ. ಮೊದಲು ಶುಂಠಿ ನಾಲಿಗೆಯನ್ನು ಚುರುಕು ಮಾಡಿತು. ಹಿಂದೆಯೇ ಬೆಲ್ಲ. ಗೇರುಹಣ್ಣಿನ ವಾಸನೆ ಮೂಗಿಗೆ ಏರಿತು. ಆದರೆ ಗಂಟಲು ಹಿಡಿಯಲಿಲ್ಲ! ಗೇರುಹಣ್ಣು ತಿಂದರೆ ಗಂಟಲು ಕೆರೆಯದೆ ಬಿಡುತ್ತದೆಯೇ?

“ಕೆರೆತ ಎಲ್ಲಿ ಹೋಯ್ತು ಪ್ರೇಮಕ್ಕ?”

“ರಸಕ್ಕೆ ಗಂಜಿತಿಳಿ ಹಾಕಿ ಇಡೀ ದಿನ ಇಡ್ತೇನೆ. ಕೆರೆಯುವುದೆಲ್ಲ ಅಡಿಗೆ ಕೂತುಕೊಳ್ತದೆ. ಮೇಲಿನದ್ದನ್ನು ಮಾತ್ರ ಬಸಿದು, ಶುಂಠಿ ಬೆಲ್ಲ ಹಾಕಿ ಬಾಟಲಿ ಕಟ್ಟುವುದು. ಮೂರು ದಿನಕ್ಕೆ ನೊರೆ ಬರ್ತದೆ.” ಅಷ್ಟು ನೋವಿನಲ್ಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಚಿನ್ನಯ್ಯ ಇನ್ನೊಂದು ಅಂಗೈ ಕುಡಿದ. ತನಿಖೆಗೆ ಅದು ಬೇಕಾಗಿರಲಿಲ್ಲ. ತುಟಿ ಉರಿಯಲಿಲ್ಲ, ತಲೆಯೂ ತಿರುಗಲಿಲ್ಲ. ಹಾಗಾದರೆ ದೋಷ ಬಿಯರಿನದ್ದಲ್ಲ. ಉಳಿದದ್ದು ಗ್ಲಾಸು.

“ಮಾಸ್ಟ್ರಿಗೆ ಏನೂ ಆಗಲಿಲ್ಲ. ಭೋಜನಿಗೂ ಏನೂ ಆಗಲಿಲ್ಲವಂತೆ” ಎಂದಳು ಪ್ರೇಮಾವತಿ. “ಎರಡು ಗ್ಲಾಸಿಗೆ ಮಾತ್ರ ಎಣ್ಣೆ ತಾಗಿದ್ದಿರಬೇಕು.”

ಹಾಗಿದ್ದರೆ ಕಥೆ ಮುಗಿಯಿತು. ಸುಲಿಯುವ ಕೈ ತಾಗಿದ ಎರಡು ಗ್ಲಾಸು ಕೆಟ್ಟವು, ಎರಡು ಉಳಿದವು. ಹೆಗ್ಡೆಯವರು ಅದನ್ನೇ ಬರೆಯುತ್ತಾರೆ. ಆದರೂ ಚಿನ್ನಯ್ಯ ಹಲಗೆಯ ಬಳಿ ಹೋದ. ಒಂದು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಚು ಮಂಕಾಗಿತ್ತು. ಕಿಸೆಯಿಂದ ಹೆಗ್ಡೆಯವರ ವರದಿಯ ಖಾಲಿ ಕಾಗದ ತೆಗೆದು ಹಲಗೆಯ ಮೇಲೆ ಹಾಸಿದ. ಗ್ಲಾಸನ್ನು ಕವುಚಿ ಒತ್ತಿ, ಎತ್ತಿದ.

ಕಾಗದದ ಮೇಲೆ ಕಂದು ಬಣ್ಣದ ಬಳೆಯೊಂದು ಮೂಡಿತು. ಒಂದು ಕಡೆ ಎರಡು ಬೆರಳಷ್ಟು ತುಂಡಾಗಿತ್ತು.

ಎರಡನೆಯ ಗ್ಲಾಸು — ಮತ್ತೆ ಬಳೆ, ಒಂದು ಕಡೆ ತುಂಡು.

ಮೂರನೆಯದು — ಇಡೀ ಬಳೆ. ಎಲ್ಲೂ ತುಂಡಿಲ್ಲ.

ನಾಲ್ಕನೆಯದೂ ಇಡೀ ಬಳೆ.

ಚಿನ್ನಯ್ಯ ನಾಲ್ಕನ್ನೂ ಸಾಲಾಗಿ ಇಟ್ಟು ನೋಡುತ್ತಲೇ ನಿಂತ. ಆಮೇಲೆ ಕಾಗದ ಮಡಚಿ ಕಿಸೆಗೆ ಸೇರಿಸಿದ.

“ಪ್ರೇಮಕ್ಕ, ಭೋಜ ಶೆಟ್ರಿಗೆ ಈ ಯಂತ್ರದ ಮೇಲೆ ಏನಾದರೂ ಹಕ್ಕು ಉಂಟಾ?”

ಪ್ರೇಮಾವತಿ ತಲೆ ತಗ್ಗಿಸಿದಳು. “ನಮ್ಮದು ಅಳಿಯಸಂತಾನ ಅಲ್ವಾ? ಮಾವನ ಆಸ್ತಿ ಅಕ್ಕನ ಮಗ ಅಳಿಯನಿಗೆ ಅಂತ ಅವನ ತಾಯಿ ಹಟ ಹಿಡಿದರು. ಹಿರಿಯರು ಕೂತು ಒಂದು ವರ್ಷದ ಗಡುವು ಕೊಟ್ಟರು. ಅಷ್ಟರೊಳಗೆ ನಾನು ಸರಿಯಾಗಿ ನಡೆಸಿದರೆ ನನಗೆ, ಇಲ್ಲದಿದ್ದರೆ ಅವನಿಗೆ. ಗಡುವು ಬರುವ ತಿಂಗಳಿಗೆ ಮುಗೀತದೆ. ಆದರೆ ಭೋಜ ಪಾಪದವ. ಬಿಯರಿಗೆ ಅನುಮತಿ ಕೇಳಿ ಅಂತ ಹೇಳಿದ್ದೇ ಅವನು.”

“ಅವರಿಗೆ ಆಳು ಕಳಿಸಿ. ಅತ್ತೆಗೆ ಬಾಯಿ ಊದಿದೆ, ನೋಡ್ಲಿಕ್ಕೆ ಬರಬೇಕಂತೆ ಅಂತ. ಮಾಸ್ಟ್ರಿಗೂ ಹೇಳಿ. ಎರಡೂವರೆಗೆ ಎಲ್ಲರೂ ಇಲ್ಲಿರಲಿ.”

ಎರಡೂವರೆಗೆ ಹೆಗ್ಡೆಯವರು ಟವೆಲಿನಿಂದ ಬಾಯಿ ಮುಚ್ಚಿಕೊಂಡು ಬಂದು ಕುಳಿತರು. ‘ಅವಳಿಗೆ ಹಗ್ಗ ಹಾಕಿಲ್ಲ ಯಾಕೆ?’ ಎಂದು ಚೀಟಿ ಕೊಟ್ಟರು. “ಬಸ್ಸು ಬರ್ಲಿ ಸಾರ್” ಎಂದ ಚಿನ್ನಯ್ಯ. ಕೇಶವಪ್ರಸಾದ ಭಟ್ಟರು ಕೊಡೆ ಮಡಚಿ ಬೆಂಚಿನ ತುದಿಯಲ್ಲಿ ಕುಳಿತರು. ಖತೀಜಮ್ಮ ಬಾಗಿಲ ಹೊರಗೆ ರಸ್ತೆಯನ್ನೇ ನೋಡುತ್ತ ನಿಂತಿದ್ದಳು. ಬಸ್ಸು ಬೇಗ ಬಂದೀತೇನೋ ಎಂಬ ಹೆದರಿಕೆ ಅವಳಿಗೆ. ಚಿನ್ನಯ್ಯನಿಗೂ ಅದೇ ಹೆದರಿಕೆ. ಗಡಿಯಾರ ಎರಡೂ ಮುಕ್ಕಾಲು ತೋರಿಸಿದರೂ ಭೋಜನ ಸುದ್ದಿಯಿಲ್ಲ.

ಮೂರು ಗಂಟೆಗೆ ಸೈಕಲ್ ಗಂಟೆ ಕೇಳಿತು. ಭೋಜ ಬೆವರಿನಲ್ಲಿ ಮಿಂದು ಬಂದ. ಇಂದು ಬೇರೆ ಅಂಗಿ.

“ಏನತ್ತೆ ಇದು! ನಾನು ಆವಾಗಲೇ ಹೇಳಿದೆ, ಗೇರುಹಣ್ಣು ಬೇಡ ಅಂತ. ಈಗ ನೋಡಿ, ಇನ್ಸ್‌ಪೆಕ್ಟರ್ ಸಾರ್‌ಗೂ…”

ಪ್ರೇಮಾವತಿ ಬೆರಗಾಗಿ ಅವನ ಮುಖ ನೋಡಿದಳು. ಚಿನ್ನಯ್ಯ ನಡುವೆ ಬಂದ. “ಬಿಸಿಲಿನಲ್ಲಿ ಬಂದಿದ್ದೀರಿ ಶೆಟ್ರೇ. ಮೊದಲು ಮಜ್ಜಿಗೆ ಕುಡಿಯಿರಿ. ಮಾಸ್ಟ್ರೇ, ನೀವೂ ತಗೊಳ್ಳಿ.”

ಎರಡು ಹಿತ್ತಾಳೆ ಲೋಟ ಬಂದವು. ಮಾಸ್ಟರು ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಗೇಣೆತ್ತರದಲ್ಲಿ ಹಿಡಿದು, ಧಾರೆ ತುಂಡಾಗದಂತೆ ಬಾಯಿಗೆ ಹೊಯ್ದುಕೊಂಡರು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಭೋಜ ಲೋಟವನ್ನು ಬಾಯಿಗೆ ಕಚ್ಚಿ ಒಂದೇ ಉಸಿರಿಗೆ ಮುಗಿಸಿ ತುಟಿ ಒರೆಸಿಕೊಂಡ.

“ಶೆಟ್ರೇ, ಒಂದು ಮಾತು. ನಿನ್ನೆ ನೀವು ಬಿಯರು ಹೇಗೆ ಕುಡಿದಿರಿ?”

“ಹೇಗೆ ಅಂದ್ರೆ? ಬಾಯಿಯಲ್ಲಿ!”

“ಎತ್ತಿಯೋ, ಕಚ್ಚಿಯೋ?”

ಚಿನ್ನಯ್ಯ ಕಾಗದ ಬಿಡಿಸಿ ಬೆಂಚಿನ ಮೇಲೆ ಹಾಸಿದ. ನಾಲ್ಕು ಬಳೆಗಳು.

“ನಾಲ್ಕು ಗ್ಲಾಸಿಗೂ ಎಣ್ಣೆ ತಾಗಿತ್ತು. ಅಂಚಿಗೆ ಮಾತ್ರ, ಸುತ್ತಲೂ. ಎರಡರಲ್ಲಿ ತುಟಿ ತಾಗಿದ ಜಾಗ ಒರೆಸಿ ಹೋಗಿದೆ. ಅದು ಇನ್ಸ್‌ಪೆಕ್ಟರ್ ಸಾರ್‌ದು ಮತ್ತು ಪ್ರೇಮಕ್ಕನದ್ದು. ಇನ್ನೆರಡಕ್ಕೆ ತುಟಿಯೇ ತಾಗಲಿಲ್ಲ. ಒಂದು ಮಾಸ್ಟ್ರದ್ದು. ಇನ್ನೊಂದು?”

“ನನ್ನದೇ” ಎಂದ ಭೋಜ ತಟ್ಟನೆ. “ಎತ್ತಿಯೇ ಕುಡಿದದ್ದು. ಅದರಲ್ಲಿ ಎಂತ ತಪ್ಪು? ಮಾಸ್ಟ್ರ ಎದುರು ಕಚ್ಚಿ ಕುಡಿಯುವುದು ಮರ್ಯಾದೆ ಅಲ್ಲ ಅಂತ ಎತ್ತಿ ಕುಡಿದೆ.”

“ಸರಿ. ಈಗ ಮಾಸ್ಟ್ರು ಎಲ್ಲಿದ್ದಾರೆ?”

ಭೋಜನ ಕಣ್ಣು ಬೆಂಚಿನ ತುದಿಗೆ ಹೋಯಿತು. ಅಲ್ಲಿಂದ ತನ್ನ ಕೈಯಲ್ಲಿದ್ದ ಲೋಟಕ್ಕೆ ಬಂತು.

“ಮರ್ಯಾದೆ ನಿನ್ನೆ ಒಂದೇ ದಿನಕ್ಕಾ ಶೆಟ್ರೇ?” ಚಿನ್ನಯ್ಯನ ದನಿ ಏರಿತು. “ನಿಮ್ಮ ಹೋಟೆಲಿನಲ್ಲಿ ನಾನು ಹತ್ತು ವರ್ಷದಿಂದ ಚಾ ಕುಡೀತೇನೆ. ನೀವು ಎತ್ತಿ ಕುಡಿದದ್ದನ್ನು ಒಂದು ದಿನವೂ ಕಂಡವನಲ್ಲ. ಅಭ್ಯಾಸ ಇಲ್ಲ, ಅದಕ್ಕೇ ಎದೆಯ ಮೇಲೆ ಚೆಲ್ಲಿಕೊಂಡಿರಿ. ನಾವೆಲ್ಲ ಆ ಕಲೆ ನೋಡಿ ನಕ್ಕೆವು. ನಗುವ ಬದಲು ಯೋಚನೆ ಮಾಡಬೇಕಿತ್ತು. ತುಟಿ ತಾಗಿಸಬಾರದು ಅಂತ ನಿನ್ನೆ ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ — ಎಣ್ಣೆ ಹಚ್ಚಿದವನಿಗೆ!”

ಹೆಗ್ಡೆಯವರು ಅವಸರದಲ್ಲಿ ಬರೆದರು. ‘ಗ್ಲಾಸು ಮುಟ್ಟಿದ್ದು ಆ ಹೆಂಗಸು ಮಾತ್ರ!’

“ಶೆಟ್ರು ಗ್ಲಾಸು ಮುಟ್ಟಲೇ ಇಲ್ಲ ಸಾರ್. ಹರಿವಾಣಕ್ಕೆ ಎಣ್ಣೆ ಸವರಿ ತಂದರು. ಕಪ್ಪು ತಗಡಿನಲ್ಲಿ ಕಪ್ಪು ಎಣ್ಣೆ ಕಾಣ್ತದಾ? ಖತೀಜಮ್ಮ ತೊಳೆದ ಗ್ಲಾಸನ್ನು ಅದರ ಮೇಲೆ ಕವುಚಿ ಹಾಕಿದರು. ಅಂಚು ಮಾತ್ರ ಅದ್ದಿತು. ಕೈಯ ಎಣ್ಣೆಯಾದರೆ ಮೈಯೆಲ್ಲ ಬೆರಳಿನ ಗುರುತು ಇರಬೇಕಿತ್ತು, ಹೀಗೆ ಬಳೆ ಬರುವುದಿಲ್ಲ. ಹೋಗುವಾಗ ಗ್ಲಾಸು ದಾನ ಮಾಡಿ, ತಗಡಿನ ಹರಿವಾಣ ಮಾತ್ರ ಯಾಕೆ ಕೊಂಡು ಹೋದರು?”

“ಗೇರೆಣ್ಣೆ ನನಗೆ ಎಲ್ಲಿಂದ?” ಭೋಜನ ದನಿ ಬಿರುಕು ಬಿಟ್ಟಿತ್ತು.

“ಗೆದ್ದಲು ಹಿಡೀತದೆ ಅಂತ ಹೋದ ವಾರ ಹೋಟೆಲಿನ ಕಂಬಗಳಿಗೆಲ್ಲ ಬಳಿಸಿದ್ದು ಎಂತದ್ದು? ನನ್ನ ಖಾಕಿಗೆ ಅದರ ಮಸಿ ಇನ್ನೂ ಉಂಟು. ಆಳು ಕಳಿಸಿ ಹರಿವಾಣ ತರಿಸುವ, ಆಯ್ತಾ? ಎಷ್ಟು ತೊಳೆದರೂ ಅಂಚು ಮಡಚಿದ ಸಂದಿನಿಂದ ಅದು ಹೋಗುವುದಿಲ್ಲ.”

ಭೋಜ ಬೆಂಚಿನ ಮೇಲೆ ಕುಸಿದ.

“ಗೇರುಹಣ್ಣಿನ ಬಿಯರು ಕುಡಿದು ಎಲ್ಲರ ಬಾಯಿ ಬೆಂದರೆ ಅನುಮತಿ ಸಿಗುವುದಿಲ್ಲ, ಯಂತ್ರ ನಿಮಗೆ. ನಿಮ್ಮ ಲೆಕ್ಕ ಇಷ್ಟೇ ಇತ್ತು” ಎಂದ ಚಿನ್ನಯ್ಯ. “ಆದರೆ ಕಚ್ಚಿ ಕುಡಿಯುವ ಮನೆಯಲ್ಲಿ ಹುಟ್ಟಿದವರು ನೀವು. ಎತ್ತಿ ಕುಡಿಯುವ ಮಾಸ್ಟ್ರಿಗೆ ಎಣ್ಣೆ ತಾಗುವುದೇ ಇಲ್ಲ ಅನ್ನುವುದು ನಿಮಗೆ ಹೊಳೆಯಲಿಲ್ಲ. ಅವರು ಗಟ್ಟಿಮುಟ್ಟಾಗಿ ಎದ್ದರು, ಬಿಯರು ಗೆದ್ದಿತು. ಆಗ ತಪ್ಪು ಇನ್ನೊಬ್ಬರ ತಲೆಗೆ ಬಂತು. ಆವಾಗಲಾದರೂ ಬಂದು ಹೇಳಬಹುದಿತ್ತಲ್ಲ?”

“ಬಾಯಿ ಸ್ವಲ್ಪ ಉರಿದೀತು ಅಂತ ಎಣಿಸಿದ್ದೆ” ಎಂದ ಭೋಜ ನೆಲ ನೋಡುತ್ತ. “ಇಷ್ಟು ಊದ್ತದೆ ಅಂತ ಗೊತ್ತಿರಲಿಲ್ಲ ಅತ್ತೆ. ಖತೀಜಮ್ಮನನ್ನು ಹಿಡಿದಾರು ಅಂತಲೂ ಎಣಿಸಲಿಲ್ಲ.”

“ಹಿಡೀತಾರೆ ಅಂತ ಗೊತ್ತಾದ ಮೇಲೆ?” ಪ್ರೇಮಾವತಿ ಕೇಳಿದಳು.

ಹೆಗ್ಡೆಯವರು ಬೆಳಿಗ್ಗೆ ತಾವು ಬರೆದ ಚೀಟಿಗಳನ್ನು ಒಂದೊಂದಾಗಿ ಕೇಳಿ ಪಡೆದು ಹರಿದು ಹಾಕಿದರು. ಹೊಸ ಚೀಟಿಯಲ್ಲಿ ಭೋಜನ ಹೆಸರಿತ್ತು.

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ಚಿನ್ನಯ್ಯ ಭೋಜನ ತೋಳು ಹಿಡಿದು ರಸ್ತೆಗೆ ಬಂದ. ಆಗಲೇ ಅರ್ಧ ಊರು ಅಲ್ಲಿ ಸೇರಿತ್ತು. ಬೆಳಿಗ್ಗೆಯಿಂದ ಆ ಊರಿನ ಬಾಯಲ್ಲಿದ್ದದ್ದು ಖತೀಜಮ್ಮನ ಹೆಸರು. ಬಸ್ಸಿನಿಂದ ಇಳಿದ ನಾರಾವಿಯ ಮಾಮನಿಗೆ, ಬಿಳಿ ಮುಂಡಿನ ಆ ಹಿರಿಯರಿಗೆ, ಅದು ದಾರಿಯಲ್ಲೇ ಮುಟ್ಟಿತ್ತು ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅವರು ಮೆಟ್ಟಿಲ ಬಳಿಯೇ ನಿಂತರು. ತಿರುಗಿ ಹತ್ತುವರೋ, ನಿಲ್ಲುವರೋ ಗೊತ್ತಾಗುವಂತಿರಲಿಲ್ಲ.

“ಖತೀಜಮ್ಮ ಯಾರು?” ಎಂದು ಕೇಳಿದರು.

ಖತೀಜಮ್ಮ ಕೈಗಳನ್ನು ತಲೆವಸ್ತ್ರದ ಸೆರಗಿನಲ್ಲಿ ಮುಚ್ಚಿಕೊಂಡಳು. ಚಿನ್ನಯ್ಯ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಇವರು. ಬೆಳಿಗ್ಗೆ ಇವರ ಮೇಲೆ ಸುಳ್ಳು ಬಂದದ್ದು ನನ್ನ ಬಾಯಿಂದ. ತಪ್ಪು ನನ್ನದು. ಮಾಡಿದವನನ್ನು ಹಿಡಿದುಕೊಂಡು ಹೋಗ್ತಾ ಇದ್ದೇನೆ, ನೋಡಿ. ಖತೀಜಮ್ಮ, ನನ್ನನ್ನು ಕ್ಷಮಿಸಿ.”

ಅವಳು ತಲೆಯೆತ್ತಲಿಲ್ಲ. ಹಿರಿಯರು ಭೋಜನನ್ನು ನೋಡಿದರು, ಪೊಲೀಸನನ್ನು ನೋಡಿದರು. ಮುಚ್ಚಿಟ್ಟ ಆ ಕೈಗಳನ್ನೂ ನೋಡಿದರು. ಆಮೇಲೆ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು.

“ಬಿಸಿಲು ಜೋರುಂಟು” ಎಂದರು. “ಬೇರೆ ಮಾತೆಲ್ಲ ಆಮೇಲೆ. ಕುಡಿಯಲಿಕ್ಕೆ ಸ್ವಲ್ಪ ನೀರು ಕೊಡಿ. ನಿಮ್ಮ ಕೈಯಿಂದಲೇ ಕೊಡಿ.”

ಖತೀಜಮ್ಮ ಬಾವಿಕಟ್ಟೆಗೆ ಓಡಿದಳು. ಕೊಡಪಾನ ಎಳೆಯುವಾಗ ಅವಳ ಅಳು ರಸ್ತೆಯವರೆಗೆ ಕೇಳಿಸಿತು. ಕಂಡಕ್ಟರ್ ಸೀಟಿ ಊದಿದರೂ ಚಿನ್ನಯ್ಯ ಮೆಟ್ಟಿಲು ಹತ್ತಲಿಲ್ಲ. ಆ ಹಿರಿಯರು ಲೋಟದ ನೀರನ್ನು ಪೂರ್ತಿ ಕುಡಿದು ಮುಗಿಸುವವರೆಗೆ ಬಸ್ಸನ್ನು ನಿಲ್ಲಿಸಿಯೇ ಇದ್ದ.